ನೆರಳು ಬರೆಯದವರು

ನಾವು ಓಕ್ಲ್ಯಾಂಡಿನ ಮನೆ ಬಿಟ್ಟು ಮೂರು ವರ್ಷವಾಗಿತ್ತು. ಆ ಅಪಾರ್ಟ್‌ಮೆಂಟಿನ ಹಳೆಯ ಮ್ಯಾನೇಜರು ಒಂದು ಮಧ್ಯಾಹ್ನ ಫೋನ್ ಮಾಡಿ, ಎರಡನೇ ಮಹಡಿಯ ಫ್ರೆಂಚ್ ಅಜ್ಜಿ ತೀರಿಕೊಂಡರು, ನಿಮಗೆ ತಿಳಿಸಬೇಕು ಅನ್ನಿಸಿತು ಎಂದರು. ಆ ಹೆಂಗಸಿನ ಒಂದು ಗುಟ್ಟನ್ನು ಮ್ಯಾನೇಜರು ಹದಿನೈದು ವರ್ಷ ಕಾಪಾಡಿದ್ದರು. ಅದನ್ನು ಹಾಳು ಮಾಡಿದವಳು ನಾನು.

ನಾನು ಆ ಅಜ್ಜಿಯನ್ನು ಮೊದಲು ನೋಡಿದ್ದು ನೆಲಮಾಳಿಗೆಯ ಲಾಂಡ್ರಿ ರೂಮಿನಲ್ಲಿ. ಒಗೆದ ಸೀರೆಯೊಂದನ್ನು ಒಬ್ಬಳೇ ಮಡಿಸಲು ಒದ್ದಾಡುತ್ತಿದ್ದೆ. ಎಪ್ಪತ್ತೈದರ ಆಸುಪಾಸಿನ, ಗಿಡ್ಡ ಗಟ್ಟಿ ಮೈಯ ಬಿಳಿ ಹೆಂಗಸೊಬ್ಬರು ಕೇಳದೆಯೇ ಇನ್ನೊಂದು ತುದಿ ಹಿಡಿದರು. ಎರಡು ಕೈಯಲ್ಲಿ ಒಮ್ಮೆ ಜಗ್ಗಿದರು, ಸುಕ್ಕು ಹಾರಿಹೋಯಿತು. ನಾಲ್ಕು ಹೆಜ್ಜೆಯಲ್ಲಿ ಸೀರೆ ನನ್ನ ಕೈಗೆ ಅಂಗಡಿಯಲ್ಲಿ ಕೊಟ್ಟ ಹಾಗೆ ಬಂತು. ಮೂವತ್ತು ವರ್ಷ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಮಾಡಿದವರು ಎಂದು ಆಮೇಲೆ ತಿಳಿಯಿತು. ಅವರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಕುದಿಯುವ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಿದ್ದರು.

ಅದು ಎಲ್ಲರೂ ಡಾಟ್‌ಕಾಂ ಕಂಪನಿಗಳ ಹಿಂದೆ ಓಡುತ್ತಿದ್ದ ಕಾಲ. ನನ್ನ ಗಂಡ ಸ್ಯಾನ್ ಫ್ರಾನ್ಸಿಸ್ಕೊದ ಒಂದು ಸ್ಟಾರ್ಟಪ್ಪಿನಲ್ಲಿದ್ದರು. ಬೆಳಿಗ್ಗೆ ಟ್ರೇನು ಹತ್ತಿದರೆ ಬರುವ ಹೊತ್ತು ಅವರಿಗೇ ಗೊತ್ತಿರುತ್ತಿರಲಿಲ್ಲ. ಹಾಸನದಲ್ಲಿ ಹೈಸ್ಕೂಲಿಗೆ ವಿಜ್ಞಾನ ಹೇಳುತ್ತಿದ್ದ ನನಗೆ ಇಲ್ಲಿ ಕೆಲಸ ಮಾಡುವ ವೀಸಾ ಇರಲಿಲ್ಲ. ಸೀರೆ ಮಡಿಸಿದ ಮರುದಿನ ಮಾತಿಗೆ ಜನ ಬೇಕೆನಿಸಿ ಅಜ್ಜಿಯ ಬಾಗಿಲು ತಟ್ಟಿದೆ. ಬಾಗಿಲು ಒಂದು ಗೇಣು ತೆರೆಯಿತು. ಒಳಗಿನಿಂದ ನನ್ನನ್ನು ಬಹಳ ಹೊತ್ತು ನೋಡಿದರು.

"ಯಾರಿಗೂ ಹೇಳಬಾರದು. ಹೇಳೋದಿಲ್ಲ ಅಂದರೆ ಒಳಗೆ ಬಾ."

ಹೇಳೋದಿಲ್ಲ ಎಂದೆ. ಅವರ ಇಂಗ್ಲಿಷು ಒಡೆದ ಇಂಗ್ಲಿಷು, ಒಂದೊಂದೇ ಪದವನ್ನು ಇಳಿಸಿಟ್ಟು ಮಾತಾಡುತ್ತಿದ್ದರು. ಇಲ್ಲಿ ನಾನು ಬರೆಯುತ್ತಿರುವುದು ನನ್ನ ಕಿವಿಗೆ ಕೇಳಿಸಿದ ಕನ್ನಡ.

ಒಳಗೆ ಗೋಡೆಗಳೇ ಕಾಣಲಿಲ್ಲ. ನೆಲದಿಂದ ಸೂರಿನವರೆಗೆ, ಅಡುಗೆಮನೆ, ಮಲಗುವ ಕೋಣೆ, ಬಚ್ಚಲಿನ ಬಾಗಿಲಿನ ಹಿಂದೆ ಕೂಡ ಚಿತ್ರ. ಒಂದು ಹೊಳೆ ಕೋಣೆಯಿಂದ ಕೋಣೆಗೆ ಹರಿದಿತ್ತು. ದಡದಲ್ಲಿ ಬಟ್ಟೆ ಒಗೆಯುವ ಹೆಂಗಸರು, ಬಾತುಗಳು, ಕಲ್ಲಿನ ಸೇತುವೆ, ಸಾಲು ಮರಗಳು. ಪ್ರತಿಯೊಂದು ಎಲೆಯನ್ನೂ ಬೇರೆಬೇರೆಯಾಗಿ ಬರೆದಿದ್ದರು. ಮನುಷ್ಯರ ಪಾದಗಳು ನೆಲಕ್ಕೆ ತಾಗಿರಲಿಲ್ಲ. ಚರ್ಚಿಗಿಂತ ಎತ್ತರಕ್ಕೆ ನೀಲಿ ಏಪ್ರನ್ ಕಟ್ಟಿದ ಒಬ್ಬ ಹೆಂಗಸು ನಿಂತಿದ್ದಳು. ಅದು ಅವರ ಅಮ್ಮ. ಫ್ರಾನ್ಸಿನ ಒಂದು ಸಣ್ಣ ಊರಿನ ಹೊಳೆಯಲ್ಲಿ ಊರವರ ಬಟ್ಟೆ ಒಗೆದು ಇವರನ್ನು ಸಾಕಿದವಳು.

ಯುದ್ಧ ಮುಗಿದ ಮೇಲೆ ಒಬ್ಬ ಅಮೆರಿಕನ್ ಸೈನಿಕನನ್ನು ಮದುವೆಯಾಗಿ ಇವರು ಇಲ್ಲಿಗೆ ಬಂದಿದ್ದರು. ಅಮ್ಮನನ್ನು ಮತ್ತೆ ನೋಡಲಿಲ್ಲ. ಗಂಡನ ಬಗ್ಗೆ ಒಂದೇ ಮಾತು ಹೇಳುತ್ತಿದ್ದರು: "ಒಳ್ಳೆಯವನು, ಬೇಗ ಹೋದ." ಮಕ್ಕಳಿರಲಿಲ್ಲ. ಚಿತ್ರ ಬರೆಯಲು ಯಾರೂ ಹೇಳಿಕೊಡಲಿಲ್ಲ. ಐವತ್ತು ದಾಟಿದ ಮೇಲೆ ಅಡುಗೆಮನೆಯ ಗೋಡೆಯಲ್ಲಿ ತೇವದ ಕಲೆಯೊಂದು ಕಾಣಿಸಿಕೊಂಡಿತಂತೆ. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಲಾಂಡ್ರಿಯವಳ ಮನೆಯಲ್ಲಿ ಕಲೆ ಇರಬಾರದು ಎಂದು ಅದರ ಮೇಲೆ ಒಂದು ಹಸು ಬರೆದರು. ಹಸುವಿಗೆ ಹುಲ್ಲು ಬೇಕಾಯಿತು, ಹುಲ್ಲಿಗೆ ಹೊಳೆ ಬೇಕಾಯಿತು. ಹಾರ್ಡ್‌ವೇರ್ ಅಂಗಡಿಯಲ್ಲಿ ಯಾರೋ ಬೇಡವೆಂದು ಬಿಟ್ಟ ಬಣ್ಣದ ಡಬ್ಬಿಗಳನ್ನು ತರುತ್ತಿದ್ದರು. ಎಲೆಗಳಿಗೆ ಉಗುರುಬಣ್ಣದ ಬ್ರಷ್ಷು.

"ಹಸು ದೂರದಲ್ಲಿದೆಯಲ್ಲ ಮೇಡಂ, ಮನೆಗಿಂತ ದೊಡ್ಡದಾಗಿದೆ" ಎಂದು ಒಮ್ಮೆ ನನ್ನ ಮೇಷ್ಟ್ರ ಬುದ್ಧಿ ತೋರಿಸಿದೆ.

"ದೂರ ಹೋದರೆ ಹಸು ಚಿಕ್ಕದಾಗುತ್ತಾ?" ಎಂದರು.

ಇಡೀ ಮನೆಯಲ್ಲಿ ಎಲ್ಲೂ ನೆರಳಿರಲಿಲ್ಲ. ಮರಕ್ಕೂ ಇಲ್ಲ, ಮನುಷ್ಯರಿಗೂ ಇಲ್ಲ. ಯಾಕೆಂದು ಕೇಳಿದ್ದಕ್ಕೆ, "ನೆರಳು ಬರೆದರೆ ಕಲೆ ಬಿದ್ದ ಹಾಗೆ ಕಾಣುತ್ತೆ" ಎಂದರು. ನೀವು ದೊಡ್ಡ ಪೇಂಟರ್ ಎಂದಾಗ ಮಾತ್ರ ಸಿಟ್ಟಾದರು. "ಪೇಂಟರ್ ಅಂದರೆ ಓದಿದವರು. ನಾನು ಗೋಡೆ ಕ್ಲೀನ್ ಮಾಡಿದೆ, ಅಷ್ಟೇ."

ಬಾಡಿಗೆ ಕರಾರಿನಲ್ಲಿ ಗೋಡೆ ಬಿಳಿಯಾಗಿಯೇ ಇರಬೇಕೆಂದಿತ್ತು. ಯಾರೂ ಒಳಗೆ ಬರಬಾರದೆಂದು ನಲ್ಲಿ, ಸಿಂಕು, ಕಿಟಕಿಯ ಚಿಲಕ ಎಲ್ಲವನ್ನೂ ತಾವೇ ರಿಪೇರಿ ಮಾಡಿಕೊಳ್ಳುತ್ತಿದ್ದರು. ವಿಷಯ ಗೊತ್ತಿದ್ದವರು ಮ್ಯಾನೇಜರು ಒಬ್ಬರೇ. ಅವರು ಫಿಲಿಪೀನ್ಸಿನವರು, ಹಿಂದೆ ಹಡಗಿನಲ್ಲಿ ಕೆಲಸ ಮಾಡಿದವರು. ಒಮ್ಮೆ ಮೇಲಿನಿಂದ ನೀರು ಸೋರಿದಾಗ ಒಳಗೆ ಹೋಗಿ ನೋಡಿದ್ದರು. ಹೊರಗೆ ಬಂದು ರಿಪೋರ್ಟಿನಲ್ಲಿ ಗೋಡೆ ಸರಿಯಾಗಿದೆ ಎಂದು ಬರೆದಿದ್ದರು.

ಆ ವಸಂತದಲ್ಲಿ ಕಟ್ಟಡ ಮಾರಾಟವಾಯಿತು. ಹೊಸ ಮಾಲೀಕರು ಹಳೆಯ ಬಾಡಿಗೆದಾರರನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ, ಮನೆಗಳನ್ನು ಹೊಸದು ಮಾಡಿ, ಆಫೀಸಿನ ಹುಡುಗರಿಗೆ ಕೊಡತೊಡಗಿದರು. ಮೊದಲ ಮಹಡಿಯ ಇಬ್ಬರು ಹೋದರು. ಕರಾರು ಮುರಿದವರನ್ನು ಕಳಿಸುವುದು ಇನ್ನೂ ಸುಲಭ. ಒಂದು ದಿನ ಎಲ್ಲರ ಬಾಗಿಲಿಗೂ ಕಾಗದ ಅಂಟಿತು. ನಾಡಿದ್ದು ಹತ್ತು ಗಂಟೆಗೆ ಪ್ರತಿ ಮನೆಯ ತಪಾಸಣೆ.

ಅಜ್ಜಿ ಆ ಕಾಗದ ಹಿಡಿದು ಮೇಲಿನ ಮಹಡಿಯ ನಮ್ಮ ಮನೆಗೆ ಬಂದರು.

"ಆ ಉದ್ದ ಬಟ್ಟೆ ಎಷ್ಟಿದೆ ನಿನ್ನ ಹತ್ತಿರ?"

ಹದಿನೇಳು ಸೀರೆ ಇತ್ತು. ಮದುವೆಯದು, ಆರತಕ್ಷತೆಯದು, ಅತ್ತೆ ಕೊಟ್ಟದ್ದು, ದಿನಬಳಕೆಯ ವಾಯಿಲ್ಲು. ಸೂರಿನಂಚಿಗೆ ಹಗ್ಗ ಕಟ್ಟಿ ಎಲ್ಲವನ್ನೂ ಇಳಿಬಿಟ್ಟು ಪಿನ್ನು ಹಾಕಿದೆವು. ಸಾಲದ್ದಕ್ಕೆ ಬೆಡ್‌ಶೀಟು ತಂದೆ. ತಪಾಸಣೆಯ ಬೆಳಿಗ್ಗೆ ಬಂದವನು ಕೈಯಲ್ಲಿ ಕಾಗದ ಸಿಕ್ಕಿಸಿದ ರಟ್ಟು ಹಿಡಿದ, ಮಾತು ಕಡಿಮೆಯ ಯುವಕ. ಹಿಂದೆ ಮ್ಯಾನೇಜರು, ನೆಲ ನೋಡುತ್ತಾ.

"ಏನಿದು?" ಎಂದ.

"ಹಬ್ಬ. ನಮ್ಮ ದೇಶದ ಹಬ್ಬ. ಇವರ ಮನೆಯಲ್ಲಿ ಮಾಡ್ತಿದ್ದೀವಿ" ಎಂದೆ.

ಅವನು ಹೊಗೆ ಅಲಾರಮ್ಮು ಒತ್ತಿ ನೋಡಿದ. ಕಿಟಕಿ ಎತ್ತಿ ಇಳಿಸಿದ. ಆಮೇಲೆ ಪ್ಲಗ್ ಪಾಯಿಂಟು ಎಲ್ಲಿ ಎಂದು ಕೇಳಿದ. ಅದು ನನ್ನ ಧಾರೆ ಸೀರೆಯ ಹಿಂದಿತ್ತು. ನಾನು ತೋರಿಸುತ್ತೇನೆ ಎನ್ನುವಷ್ಟರಲ್ಲಿ ಅವನೇ ಕುಕ್ಕರಗಾಲಲ್ಲಿ ಕೂತು ಸೀರೆಯ ಅಂಚು ಎತ್ತಿದ. ಒಂದಡಿ ಹುಲ್ಲು ಕಂಡಿತು, ಮತ್ತೆ ಒಂದು ಬಾತುಕೋಳಿಯ ಕಾಲು. ಅವನು ಟೆಸ್ಟರು ಚುಚ್ಚಿದ. ದೀಪ ಹತ್ತಿತು. ಟೆಸ್ಟರನ್ನು ಅಲ್ಲೇ ಬಿಟ್ಟು ರಟ್ಟಿನ ಮೇಲೆ ಏನೋ ಬರೆದ. ಅಜ್ಜಿ ಸ್ಟೌವಿನ ಪಕ್ಕ ನಿಂತು ತಮ್ಮ ಏಪ್ರನ್ನನ್ನು ಎರಡು ಮುಷ್ಟಿಯಲ್ಲಿ ಹಿಡಿದಿದ್ದರು. ಅವನು ಅಂಚು ಬಿಟ್ಟು ಎದ್ದ.

"ವಾಲ್‌ಪೇಪರು ಹಳೇದು" ಎಂದು ಮ್ಯಾನೇಜರಿಗೆ ಹೇಳಿದ.

"ಹೌದು, ಬಹಳ ಹಳೇದು" ಎಂದರು ಮ್ಯಾನೇಜರು.

ಅವನು ಹೋದ ಮೇಲೆ ಅಜ್ಜಿ ಕುರ್ಚಿಯಲ್ಲಿ ಕೂತರು. "ಇನ್ನೊಂದು ಸಲ ನನ್ನ ಕೈಲಿ ಆಗಲ್ಲ" ಎಂದರು.

ಅದೇ ಮಾತು ನನ್ನ ತಲೆ ಕೆಡಿಸಿತು. ಇಂಥದ್ದನ್ನು ಬಚ್ಚಿಡಬಾರದು, ನಾಲ್ಕು ಜನ ದೊಡ್ಡವರು ನೋಡಿದರೆ ಮಾಲೀಕರು ಮುಟ್ಟಲಾರರು ಎಂದು ನನಗೆ ನಾನೇ ಹೇಳಿಕೊಂಡೆ. ಒಳಗೊಳಗೇ ಇನ್ನೊಂದೂ ಇತ್ತು. ಎರಡು ವರ್ಷದಿಂದ ಯಾರ ಮುಂದೆಯೂ ಹೇಳಿಕೊಳ್ಳುವಂಥದ್ದು ನಾನು ಏನೂ ಮಾಡಿರಲಿಲ್ಲ.

ಕನ್ನಡದವರ ಕೂಟಗಳಲ್ಲಿ ಪರಿಚಯವಾದ ಅಕ್ಕ ಒಬ್ಬರು ಹತ್ತಿರದ ಡ್ಯಾನ್‌ವಿಲ್‌ನಲ್ಲಿದ್ದರು, ಉಡುಪಿ ಕಡೆಯವರು. ಮಕ್ಕಳಿಗೆ ಚಿತ್ರಕಲೆ ಕಲಿಸುತ್ತಿದ್ದರು, ಅಲ್ಲಿಯ ಒಂದು ಸಣ್ಣ ವಾರಪತ್ರಿಕೆಗೆ ಬರೆಯುತ್ತಿದ್ದರು. ಅವರಿಗೆ ಹೇಳಿಬಿಟ್ಟೆ. ನನ್ನ ಗಂಡನಿಗೆ ಇದು ಹಿಡಿಸಲಿಲ್ಲ.

"ನೀನು ಪ್ರಾಮಿಸ್ ಮಾಡಿದೀಯ ತಾನೇ? ಸುಮ್ನೆ ಇರು ಕಣೇ. ನಮ್ಮ ಕಂಪನಿನೇ ಅಲ್ಲಾಡ್ತಾ ಇದೆ, ಬಿಲ್ಡಿಂಗ್‌ನವರ ಹತ್ರ ಬೇರೆ ತಕರಾರು ಬೇಡ."

"ತಕರಾರು ಏನಿದೆ ರೀ ಇದರಲ್ಲಿ? ನೋಡ್ಕೊಂಡು ಹೋಗ್ತಾರೆ ಅಷ್ಟೇ."

ಅಜ್ಜಿಗೂ ಹಾಗೇ ಹೇಳಿದೆ. ನನ್ನ ಅಕ್ಕನಂಥವರು, ಚಿತ್ರ ಗೊತ್ತಿರುವವರು, ಒಮ್ಮೆ ನೋಡುತ್ತಾರೆ. ಅವರು ಎರಡು ದಿನ ಯೋಚಿಸಿ ಒಪ್ಪಿದರು. "ನೋಡಲಿ. ಫೋಟೋ ಬೇಡ."

ಅಕ್ಕ ಬಂದರು, ನಡುಮನೆಯಲ್ಲಿ ನಿಂತುಬಿಟ್ಟರು. "ಎಂತ ಮಾರಾಯ್ತಿ ಇದು. ಇದನ್ನು ಇವರು ಯಾರ ಹತ್ತಿರವೂ ಕಲಿಯಲಿಲ್ಲವಾ? ಮ್ಯೂಸಿಯಮ್ಮಿನಲ್ಲಿ ಇರಬೇಕಾದ್ದು ಇಲ್ಲಿ ಬಿದ್ದಿದೆಯಲ್ಲ" ಎಂದು ಮೆಲ್ಲಗೆ ಹೇಳುತ್ತಿದ್ದರು. ಅವರ ಕಣ್ಣಲ್ಲಿ ನೀರಿತ್ತು. ಅಜ್ಜಿ ಕಾಫಿಗೆ ಕೆಟಲು ಇಡಲು ಅಡುಗೆಮನೆಗೆ ಹೋದರು. ಅಕ್ಕ ಚೀಲದಿಂದ ಕ್ಯಾಮರಾ ತೆಗೆದು ನನ್ನ ಮುಖ ನೋಡಿದರು. ಬೇಡ ಎನ್ನಲು ಒಂದು ಪದ ಸಾಕಿತ್ತು. ನಾನು ಕಿಟಕಿಯ ಕಡೆ ತಿರುಗಿದೆ. ಫ್ಲ್ಯಾಷು ಮೂರು ಸಲ ಮಿಂಚಿತು.

ಕಾಫಿ ಬಂತು. ಹಿಡಿಯಿಲ್ಲದ ಬಟ್ಟಲುಗಳಲ್ಲಿ ಮೂವರೂ ಕುಡಿದೆವು. ಅವರು ಅಕ್ಕನಿಗೆ ಹಸುವಿನ ಕಥೆ ಹೇಳಿದರು.

ಅಕ್ಕ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಹೆಸರಿರಲಿಲ್ಲ, ವಿಳಾಸವಿರಲಿಲ್ಲ. ಅರ್ಧ ಪುಟದ ಫೋಟೋದಲ್ಲಿ ಸೇತುವೆ, ಅಮ್ಮ, ಮೂಲೆಯಲ್ಲಿ ತೆರೆದ ಕಿಟಕಿ, ಕಿಟಕಿಯಾಚೆ ಎದುರು ಕಟ್ಟಡದ ನೀರಿನ ಟ್ಯಾಂಕು ಇದ್ದವು. ಆ ಟ್ಯಾಂಕನ್ನು ಗುರುತಿಸಲು ಮಾಲೀಕರ ಆಫೀಸಿಗೆ ಒಂದು ವಾರ ಸಾಕಾಯಿತು.

ಮಾಲೀಕರ ಪತ್ರ ತಂದ ಮ್ಯಾನೇಜರು ಅದನ್ನು ಕೊಡಲಾರದೆ ಅಜ್ಜಿಯ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದರು. ನಾನು ಮೆಟ್ಟಿಲಿನಿಂದ ನೋಡಿದೆ. ಹತ್ತು ದಿನ ಗಡುವು. ಹತ್ತನೇ ದಿನ ಮಧ್ಯಾಹ್ನ ನಾಲ್ಕಕ್ಕೆ ತಪಾಸಣೆ. ಎಲ್ಲ ಗೋಡೆ ಮೊದಲಿನಂತೆ ಬಿಳಿಯಾಗಿರಬೇಕು, ಇಲ್ಲವೇ ಮನೆ ಬಿಡಬೇಕು. ಗೊತ್ತಿದ್ದೂ ತಿಳಿಸಲಿಲ್ಲವೆಂದು ಮ್ಯಾನೇಜರಿಗೂ ಒಂದು ಎಚ್ಚರಿಕೆಯ ಪತ್ರ ಬಂದಿತ್ತು. ಅದನ್ನು ಅವರು ಆಗ ಯಾರಿಗೂ ತೋರಿಸಲಿಲ್ಲ, ನನಗೆ ತಿಳಿದದ್ದು ಆಮೇಲೆ.

ಆರು ದಿನ ಅಜ್ಜಿ ನನಗೆ ಬಾಗಿಲು ತೆರೆಯಲಿಲ್ಲ. ಒಳಗೆ ಅವರು ಓಡಾಡುವ ಸದ್ದು ಕೇಳಿಸುತ್ತಿತ್ತು. ನಾನು ಅಕ್ಕನಿಗೆ ಫೋನ್ ಮಾಡಿ ಕೂಗಾಡಿದೆ. ಅವರು ಅತ್ತರು, ಮಾಲೀಕರ ಆಫೀಸಿಗೆ ಹೋಗಿ ಬೇಡಿಕೊಂಡರು. ಮ್ಯೂಸಿಯಮ್ಮಿನ ಕೆಲಸ ಬಲ್ಲ ಒಬ್ಬರನ್ನು ಕರೆತಂದರು. ಅವರಿಗೆ ಬಾಗಿಲು ತೆರೆಯಿತು. ಆತ ಗೋಡೆಗೆ ಬೆರಳು ಬಡಿದು ನೋಡಿ, ಒಳಗೆ ಮರದ ಪಟ್ಟಿ, ಮೇಲೆ ಗಾರೆ, ಚಿತ್ರ ಕೊಯ್ದು ತೆಗೆಯಲು ಹೋದರೆ ಪುಡಿಯಾಗುತ್ತದೆ ಎಂದರು. ಚೆನ್ನಾಗಿ ಫೋಟೋ ತೆಗೆದಿಡಬಹುದು ಎಂದರು.

"ಫೋಟೋ ಆಗಿದೆ" ಎಂದರಂತೆ ಅಜ್ಜಿ.

ಏಳನೇ ದಿನ ನಾನು ಅವರ ಬಾಗಿಲ ಮುಂದೆ ನೆಲದ ಮೇಲೆ ಕೂತೆ. ಮಧ್ಯಾಹ್ನದ ಹೊತ್ತಿಗೆ ಬಾಗಿಲು ತೆರೆಯಿತು. ಒಳಗೆ ಹೋಗಿ ನಿಂತುಕೊಂಡೇ ಹೇಳಿದೆ. "ಅವರು ಫೋಟೋ ತೆಗೆದಾಗ ನಾನು ನೋಡಿದೆ ಮೇಡಂ. ಬೇಡ ಅನ್ನಲಿಲ್ಲ."

"ಗೊತ್ತು. ಕೆಟಲಿನಲ್ಲಿ ಬೆಳಕು ಕಂಡಿತು. ಮೂರು ಸಲ."

"ಹಾಗಾದರೆ ಆಗಲೇ ಯಾಕೆ ಹೇಳಲಿಲ್ಲ ನೀವು?"

"ನೀನು ಹೇಳ್ತೀಯ ಅಂತ ಕಾದೆ. ಕಾಫಿ ಮುಗಿಯೋವರೆಗೂ ಕಾದೆ."

ಅವರು ಒಳಗಿನಿಂದ ಒಂದು ಹಳೆಯ ಏಪ್ರನ್ ತಂದು ನನ್ನ ಕೈಗಿಟ್ಟರು. ಬಿಳಿ ಪೇಂಟಿನ ಡಬ್ಬಿಗಳನ್ನು ಮ್ಯಾನೇಜರು ಬೆಳಿಗ್ಗೆಯೇ ತಂದಿಟ್ಟಿದ್ದರು.

"ನಾನು ಹೋಗೋದಿಲ್ಲ. ಈ ವಯಸ್ಸಿಗೆ ಇನ್ನೊಂದು ಮನೆ ಹುಡುಕೋದಿಲ್ಲ. ಮಾಲೀಕರ ಕೂಲಿಯವರು ಇದನ್ನು ಮುಟ್ಟೋದೂ ಬೇಡ. ನಾನೇ ಮಾಡ್ತೀನಿ. ನೀನು ಎತ್ತರದ್ದು ಮಾಡು."

ಮೊದಲು ಗೋಡೆಗಳನ್ನು ಸೋಪಿನ ನೀರಲ್ಲಿ ತೊಳೆದರು. ಜಿಡ್ಡಿನ ಮೇಲೆ ಪೇಂಟು ನಿಲ್ಲುವುದಿಲ್ಲವಂತೆ. ತೊಳೆದಾಗ ಬಣ್ಣಗಳು ನಾನು ಎಂದೂ ನೋಡದಷ್ಟು ಹೊಳೆದವು. ನಾನು ಏಣಿಯ ಮೇಲೆ ರೋಲರು ಹಿಡಿದು ನಿಂತರೆ ಅವರು ಕೆಳಗಿನಿಂದ ಹೇಳುತ್ತಿದ್ದರು. "ಅದು ಬೇಕರಿಯವನು. ಕಿವಿ ಕೇಳಿಸುತ್ತಿರಲಿಲ್ಲ. ಆಯ್ತು, ರೋಲರು ಎಳಿ." "ಅದು ಶಾಲೆ. ಎರಡು ವರ್ಷ ಹೋದೆ. ಎಳಿ." ಒಂದು ಮರವನ್ನಾದರೂ ಕಪಾಟಿನ ಹಿಂದೆ ಉಳಿಸೋಣ ಎಂದೆ. ಅವರು ತಲೆ ಅಲ್ಲಾಡಿಸಿದರು. "ಅರ್ಧ ಒಗೆದ ಬಟ್ಟೆ ಯಾರಿಗೂ ಕೊಡಬಾರದು."

ಒಂದು ಕೋಟು ಬಣ್ಣಕ್ಕೆ ಏನೂ ಆಗಲಿಲ್ಲ. ಎಲ್ಲರೂ ಬಿಳಿಯ ಹಿಂದಿನಿಂದ ನೋಡುತ್ತಿದ್ದರು. ಎರಡನೆಯದಕ್ಕೆ ಹೊಳೆ ಹೋಯಿತು, ಹೆಂಗಸರು ಹೋದರು. ಅವರ ಅಮ್ಮನನ್ನು ಕೊನೆಗೆಂದು ಉಳಿಸಿಕೊಂಡಿದ್ದರು. ಅಲ್ಲಿಗೆ ನನ್ನ ರೋಲರು ಬೇಡವೆಂದರು. ಸಣ್ಣ ಬ್ರಷ್ಷು ತೆಗೆದುಕೊಂಡು ಪಾದದಿಂದ ಶುರುಮಾಡಿ ಮೇಲಕ್ಕೆ ಬಂದರು. ಮುಖ ಬಂದಾಗ ಕೈ ನಿಲ್ಲಿಸಿ ಫ್ರೆಂಚಿನಲ್ಲಿ ಏನೋ ಅಂದರು. ನಾನು ಏಣಿ ಹಿಡಿದುಕೊಂಡಿದ್ದೆ.

ಹತ್ತನೇ ದಿನ ಮೂರು ಗಂಟೆಗೂ ಅಮ್ಮನ ಏಪ್ರನ್ನಿನ ನೀಲಿ ಹೋಗಿರಲಿಲ್ಲ. ಎರಡು ಕೋಟು ಕುಡಿದು ಮತ್ತೆ ತೇಲಿ ಬಂದಿತ್ತು. ಮೂರನೆಯದು ಹೊಡೆದು ನನ್ನ ಹೇರ್ ಡ್ರೈಯರು ತಂದು ಹಿಡಿದೆ. ಒಣಗುತ್ತಿದ್ದಂತೆ ನೀಲಿ ಮಾಸಲಾಗಿ ಮತ್ತೆ ಕಂಡಿತು. ಮ್ಯಾನೇಜರು ಮೆಟ್ಟಿಲ ಬಳಿ ನಿಂತು ಬೀದಿ ನೋಡುತ್ತಿದ್ದರು. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಅಜ್ಜಿ ನಾಲ್ಕನೆಯ ಕೋಟು ಹೊಡೆದರು, ಈ ಸಲ ರೋಲರಿನಲ್ಲಿ, ಮೇಲಿನಿಂದ ಕೆಳಗೆ, ಒಂದೇ ಸಮನೆ. ಕೆಳಗೆ ಕಾರಿನ ಬಾಗಿಲು ಹಾಕಿದ ಸದ್ದು ಬಂತು.

ಅದೇ ರಟ್ಟು ಹಿಡಿದ ಯುವಕ. ಕೋಣೆಯಿಂದ ಕೋಣೆಗೆ ನಡೆದ. ನಡುಮನೆಯ ಗೋಡೆಯ ಮುಂದೆ ನಿಂತು ಬೆರಳಿಟ್ಟ. ಬೆರಳು ಬೆಳ್ಳಗಾಯಿತು. ಅದನ್ನು ನೋಡಿಕೊಂಡು, "ನೀಟಾಗಿದೆ. ಪೇಂಟರ್ ಯಾರು?" ಎಂದ.

ನಾನೂ ಮ್ಯಾನೇಜರೂ ಅಜ್ಜಿಯ ಕಡೆ ನೋಡಿದೆವು. ಅವರ ಕೂದಲಿನಲ್ಲಿ, ಹುಬ್ಬಿನಲ್ಲಿ ಬಿಳಿ ಬಣ್ಣವಿತ್ತು.

"ನಾನು" ಎಂದರು.

ಅವನು ಸಹಿ ಹಾಕಿಸಿಕೊಂಡು ಹೋದ. ಅಜ್ಜಿ ಆ ಮನೆಯಲ್ಲೇ ಉಳಿದರು. ಮರುವರ್ಷ ಡಾಟ್‌ಕಾಂಗಳು ಒಂದೊಂದಾಗಿ ಮುಚ್ಚಿದವು, ಕಟ್ಟಡದ ಹೊಸ ಹುಡುಗರು ಬಂದಷ್ಟೇ ಬೇಗ ಖಾಲಿ ಮಾಡಿದರು. ನನ್ನ ಗಂಡನ ಕಂಪನಿಯೂ ಹೋಯಿತು. ಎರಡು ತಿಂಗಳು ವೀಸಾದ ಭಯದಲ್ಲಿ ಕಳೆದು, ರೆಡ್‌ವುಡ್ ಸಿಟಿಯಲ್ಲಿ ಬೇರೆ ಕೆಲಸ ಸಿಕ್ಕಿ ನಾವು ಅಲ್ಲಿಗೆ ಹೋದೆವು. ಹೊರಡುವವರೆಗೂ ನಾನು ದಿನಾ ಕೆಳಗೆ ಹೋಗುತ್ತಿದ್ದೆ. ಕಾಫಿ ಕೊಡುತ್ತಿದ್ದರು, ಸೀರೆ ಮಡಿಸಲು ಬರುತ್ತಿದ್ದರು. ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಗೋಡೆಗೆ ಮತ್ತೆ ಬ್ರಷ್ಷು ಮುಟ್ಟಿಸಲಿಲ್ಲ. ಅಕ್ಕ ಒಳ್ಳೆಯ ಕ್ಯಾನ್‌ವಾಸು, ಬಣ್ಣ ತಂದುಕೊಟ್ಟಿದ್ದರು. ಅವು ಕಟ್ಟು ಬಿಚ್ಚದೆ ಬಾಗಿಲ ಹಿಂದೆ ಇದ್ದವು.

ನಾನು ಕಡೆಯ ಸಲ ಅವರನ್ನು ನೋಡಿದ್ದು ಓಕ್ಲ್ಯಾಂಡಿನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ. ಬಿದ್ದು ಸೊಂಟ ಮುರಿದಿತ್ತು, ಕಣ್ಣು ಪೂರ್ತಿ ಹೋಗಿತ್ತು. ನಾನು ಬಂದೆನೆಂದು ತಿಳಿದು ಕೈ ಚಾಚಿ ನನ್ನ ಸೀರೆಯ ಅಂಚು ಮುಟ್ಟಿ ನೋಡಿದರು. ಆಮೇಲೆ ಯಾವ ಪೀಠಿಕೆಯೂ ಇಲ್ಲದೆ ಒಂದು ಚಿತ್ರವನ್ನು ಹೇಳತೊಡಗಿದರು. ಎಡಗಡೆ ಒಂದು ಬಂದರು. ಬಂದರಿನಲ್ಲಿ ಬಿಳಿ ಹಡಗು. ಹಡಗಿನ ಮೆಟ್ಟಿಲ ಮೇಲೆ ಹತ್ತೊಂಬತ್ತರ ಹುಡುಗಿ, ಕೈಯಲ್ಲಿ ರಟ್ಟಿನ ಪೆಟ್ಟಿಗೆ. ದಡದಲ್ಲಿ ಜನ, ಒಬ್ಬೊಬ್ಬರ ಟೋಪಿಯೂ ಬೇರೆ. ನೀಲಿ ಏಪ್ರನ್ ಕಟ್ಟಿದ ಒಬ್ಬಳು ಮಾತ್ರ ಬರಿತಲೆಯಲ್ಲಿದ್ದಾಳೆ. ನೀರಿನ ಬಣ್ಣ ಯಾವುದೆಂದು ಬಹಳ ಹೊತ್ತು ತಡಕಾಡಿದರು. ಇಷ್ಟು ವರ್ಷ ಅವರು ಊರು ಬಿಟ್ಟ ಆ ದಿನವನ್ನು ಗೋಡೆಯ ಮೇಲೆ ಎಲ್ಲೂ ಬರೆದಿರಲಿಲ್ಲ.

ನರ್ಸು ಬಂದು, ನೋಡುವ ಹೊತ್ತು ಇನ್ನು ಹದಿನೈದು ನಿಮಿಷ ಎಂದು ಹೇಳಿ ಹೋದಳು. ಅವರು ಮುಖವನ್ನು ನನ್ನ ಕಡೆ ತಿರುಗಿಸಿದರು.

"ಕಾಣಿಸ್ತಾ?"

ಹೂಂ ಎಂದು ಎದ್ದುಬಿಡಬಹುದಿತ್ತು. ಹೊಸ ಊರಿಗೆ ಹೋದ ಮೇಲೆ ಹುಟ್ಟಿದ ಮಗುವನ್ನು ಡೇಕೇರಿನಿಂದ ಕರೆತರಬೇಕಿತ್ತು, ಕೊಲ್ಲಿಯ ಸೇತುವೆಯ ಮೇಲೆ ಟ್ರಾಫಿಕ್ಕು ಶುರುವಾಗುವ ಹೊತ್ತು. ಚೀಲ ಆಗಲೇ ಹೆಗಲ ಮೇಲಿತ್ತು.

"ಇಲ್ಲ ಮೇಡಂ. ಹುಡುಗಿ ಕಂಡಳು. ದಡ ಇನ್ನೂ ಕಾಣಿಸಲಿಲ್ಲ."

ಅವರಿಗೆ ಬೇಸರವಾಗಲಿಲ್ಲ. ದಿಂಬಿಗೆ ಒರಗಿದರು.

"ಹಾಗಾದರೆ ನಾನು ಸರಿಯಾಗಿ ಹೇಳಿಲ್ಲ. ಕೂತ್ಕೋ, ದಡದಿಂದ ಶುರುಮಾಡ್ತೀನಿ."

ನಾನು ಚೀಲ ಕೆಳಗಿಟ್ಟು ಕೂತೆ.